ತಗ್ಗಿಸಿದ ಹಸಿವು

ಬೆಳಿಗ್ಗೆ ಆರಕ್ಕೆ ಮುನಿರತ್ನಮ್ಮ ನಾಡಿಪೆಟ್ಟಿಗೆಯ ಮೇಲೆ ಹೆಬ್ಬೆರಳು ಇಟ್ಟರು. ಪೆಟ್ಟಿಗೆ ಅವರ ರಕ್ತದ ಸಕ್ಕರೆಯನ್ನು ಅಳೆದು, ಆ ದಿನಕ್ಕೆ ಸಾಕಾಗುವಂತೆ ಸಾಸಿವೆ ಗಾತ್ರದ ಒಂದು ಗುಳಿಗೆಯನ್ನು ಅಂಗೈಗೆ ಉದುರಿಸಿತು.

ಪಟ್ಟಣಗಳಲ್ಲಿ ಆಗಲೇ ಮನೆಮನೆಗೂ ಹೊಕ್ಕಿದ್ದ ಇದರ ಹೆಸರು ಮಿತಹಸಿವು ಗುಳಿಗೆ. ಕರುಳು ಮೆದುಳಿಗೆ ‘ಅನ್ನ ಬೇಕು’ ಎಂದು ಕಳಿಸುವ ಸಂದೇಶವನ್ನು ಅದು ಅಳಿಸುವುದಿಲ್ಲ, ದನಿ ತಗ್ಗಿಸುತ್ತದೆ, ಅಷ್ಟೆ. ಪ್ರಮಾಣ ಅತಿ ಕಡಿಮೆಯಾದ್ದರಿಂದ ವಾಕರಿಕೆಯಿಲ್ಲ, ಸುಸ್ತಿಲ್ಲ. ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಿಗೆ ಅದನ್ನು ತಂದವರು ವಿಜ್ಞಾನಿ ಡಾಕ್ಟರ್ ಮೃದುಲಾ. ಆರು ತಿಂಗಳಲ್ಲಿ ಮುನಿರತ್ನಮ್ಮ ಹತ್ತು ಕಿಲೋ ಇಳಿದಿದ್ದರು. ಮಂಡಿನೋವು ಮಾಯವಾಗಿ, ರೇಷ್ಮೆಹುಳು ಸಾಕುವ ತಟ್ಟೆಗಳ ನಡುವೆ ಹುಡುಗಿಯಂತೆ ಓಡಾಡುತ್ತಿದ್ದರು. ಔಷಧಿಗೆ ಇನ್ನೇನು ಸರ್ಟಿಫಿಕೇಟ್ ಬೇಕು?

ಆದರೆ ಸಾಲಾಗಿ ಎರಡು ರೇಷ್ಮೆ ಬೆಳೆ ಕೆಟ್ಟವು. ಹುಳುಗಳು ಸೊರಗಿ, ಬೆರಳಿಟ್ಟರೆ ಕುಸಿಯುವಂಥ ಗೂಡು ಕಟ್ಟಿದವು. ಸುದ್ದಿ ತಿಳಿದು ಮೃದುಲಾ ತಾವೇ ಬಂದರು. ಸೊಪ್ಪು, ಗಾಳಿ, ಶಾಖ ಎಲ್ಲವೂ ಸರಿಯಿತ್ತು.

“ಸೊಪ್ಪು ಹಾಕೋ ಹೊತ್ತಾಯ್ತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?”

“ಅದೇನ್ ಕೇಳ್ತೀರಮ್ಮ. ಹುಳ ತಿನ್ನೋಗಂಟ ನಾವ್ ತಿನ್ನಂಗಿಲ್ಲ, ನಮ್ಮಮ್ಮನ ಕಾಲದಿಂದ್ಲೂ ಹಂಗೇ. ಹೊಟ್ಟೆ ಚುರುಗುಟ್ಟಿದ್ರೆ ಎದ್ದು ಹುಳಕ್ ಸೊಪ್ಪು ಹಾಕ್ತೀನಿ. ಆಮೇಲೆ ನನ್ ಮುದ್ದೆ.”

“ಈಗ ಎಷ್ಟು ಸಲ ಚುರುಗುಟ್ಟುತ್ತೆ?”

“ದಿನಕ್ಕೊಂದ್ಸಲ ಆದ್ರೆ ಹೆಚ್ಚು.”

ಮೃದುಲಾ ನಕ್ಕುಬಿಟ್ಟರು. ಕಾರಣ ಸಿಕ್ಕಿತೆಂದರೆ ವಿಜ್ಞಾನಿಗಳಿಗೆ ಹಬ್ಬವೇ. ಹುಳುಮನೆಗೆ ಹೊತ್ತುಹೊತ್ತಿಗೆ ಬಡಿಯುವ ಗಂಟೆ ಜೋಡಿಸಿದರು. ಮುಂದಿನ ಬೆಳೆಯ ಗೂಡು ಗಟ್ಟಿಯಾಗಿ ಬಂತು.

ಅದನ್ನು ನೋಡಲು ಬಂದ ದಿನ ಅವರು ಒಳಮನೆಗೂ ಹೋದರು. ಅಲ್ಲಿ ಮಂಚದ ಮೇಲೆ ಮುನಿರತ್ನಮ್ಮನ ಅತ್ತೆ ಮಲಗಿದ್ದರು. ಪಾರ್ಶ್ವವಾಯು ಹೊಡೆದು ಮೂರು ವರ್ಷ. ಮಾತು ನಿಂತಿತ್ತು, ಹಸಿವೆಂದು ಸನ್ನೆ ಮಾಡಲೂ ಕೈ ಬಾರದು. ಸೊಸೆ ತುತ್ತಿಟ್ಟರೆ ಊಟ. ಮೃದುಲಾ ನಾಡಿ ನೋಡಲು ಆ ಕೈಯನ್ನು ಎತ್ತಿದರು. ಬಳೆಗಳು ಜಾರಿ ಮೊಣಕೈ ದಾಟಿ ನಿಂತವು.

“ಇವರಿಗೆ ಊಟ ಯಾವಾಗ ಕೊಡ್ತೀರಿ?”

“ಗಂಟೆ ಬಡಿದ್ರೆ ಹುಳಕ್ ಹಾಕ್ತೀನಿ. ಅತ್ತೇಗೆ... ನಾನ್ ಉಣ್ಣೋವಾಗ.”

ಮುನಿರತ್ನಮ್ಮ ದಿನವೂ ನೋಡುತ್ತಿದ್ದ ಆ ಕೈಯನ್ನು ಈಗಷ್ಟೇ ಕಂಡವರಂತೆ ನೋಡಿದರು.

“ಇವರಿಗೂ ಒಂದು ಗಂಟೆ ಇಡೋಣ,” ಎಂದರು ಮೃದುಲಾ ಮೆಲ್ಲಗೆ.

“ಬ್ಯಾಡ ತಾಯಿ. ಮಂಡಿ ನೊಂದ್ರೆ ನೋಯ್ಲಿ. ನನ್ ಹಸಿವು ನಂಗೆ ಕೊಟ್ಬಿಡಿ. ಅದು ನನ್ನೊಬ್ಳುದಲ್ಲ.”

ನಾಡಿಪೆಟ್ಟಿಗೆಯನ್ನು ತಂದು ಮೃದುಲಾ ಅವರ ಕೈಗಿಟ್ಟು, ಮುನಿರತ್ನಮ್ಮ ಗಂಜಿ ಕಾಯಿಸಲು ಹೋದರು.

ಮೃದುಲಾ ಅಲ್ಲೇ ಕುಳಿತು ವರದಿಯ ಹಾಳೆ ತೆರೆದರು. ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಗುಳಿಗೆ ನುಂಗಿದವರಿಗಷ್ಟೇ ಜಾಗವಿತ್ತು.