ಸಾಲಿನ ಕೊನೆಯ ಇಬ್ಬರು

“ಒಂದೋ ಮುಂದೆ ಹೋಗಿ, ಇಲ್ಲಾ ದೂರ ಉಳೀರಿ. ಹೀಗೆ ಬೆನ್ನಿಗೆ ಅಂಟ್ಕೊಂಡು ಬರಬೇಡಿ!”

ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟು, ತಿರುಗಿ ನಿಂತು ಅವಳು ಹೇಳಿದಳು. ಅಷ್ಟು ಹೇಳುವಷ್ಟರಲ್ಲೇ ಉಸಿರೆಲ್ಲ ಖರ್ಚಾಗಿತ್ತು. ಹದಿನೈದು ಹೆಜ್ಜೆ ಹಿಂದೆ ಬರುತ್ತಿದ್ದ ಹಳದಿ ಜಾಕೆಟ್ಟಿನವನೂ ಬ್ರೇಕು ಹಿಡಿದು ನಿಂತ.

“ಎರಡೂ ಆಗಲ್ಲ ಮೇಡಂ. ಕೊನೆಯವರ ಹಿಂದೆ ಬರೋದೇ ನನ್ನ ಡ್ಯೂಟಿ. ಯಾರಾದ್ರೂ ಬಿದ್ರೆ, ದಾರಿ ತಪ್ಪಿದ್ರೆ ನೋಡ್ಕೋಬೇಕಲ್ಲ.”

“ಅಂದ್ರೆ... ನಾನೇ ಕೊನೆಯವಳಾ?”

ಅವನು ಹಿಂದಿನ ಖಾಲಿ ರಸ್ತೆಯನ್ನು ಸಂಕೋಚದಿಂದ ಒಮ್ಮೆ ನೋಡಿದ. “ಅರ್ಧ ಗಂಟೆಯಿಂದ.”

ಹೇಳಿ ನಕ್ಕ. ಬೇರೆಯವರು ಮನುಷ್ಯರ ಕಣ್ಣು ನೋಡಿದರೆ ಅವಳು ಹಲ್ಲು ನೋಡುತ್ತಾಳೆ. ಹದಿನಾರು ವರ್ಷದಿಂದ ಲ್ಯಾಬಿನಲ್ಲಿ ಕೂತು, ಮೇಣದ ಮೇಲೆ ಒಂದೊಂದೇ ಹಲ್ಲು ಜೋಡಿಸಿ ಕಟ್ಟುಹಲ್ಲಿನ ಸೆಟ್ಟು ಮಾಡುವವಳ ಕಣ್ಣು ಅದು. ಇವನ ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ತುಸು ಹತ್ತಿ ಕೂತಿತ್ತು. ಲ್ಯಾಬಿನಲ್ಲಾಗಿದ್ದರೆ ಸರಿಮಾಡದೆ ಬಿಡುತ್ತಿರಲಿಲ್ಲ. ಇಲ್ಲಿ, ಎಳೆಬಿಸಿಲಿನಲ್ಲಿ, ಹಾಗೇ ಇರಲಿ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಡುಕು ಬಂತು. ನಲವತ್ತೊಂದರಲ್ಲಿ ಇದೆಲ್ಲ ಏನು?

ಈ ಸೈಕಲ್ ಸವಾರಿಗೆ ಅವಳು ತಾನಾಗಿ ಬಂದವಳಲ್ಲ. ಹೆಸರು ಬರೆಸಿದ್ದು ಅಕ್ಕ. “ಲ್ಯಾಬು, ಮನೆ, ಲ್ಯಾಬು. ಗಾಣದೆತ್ತಿಗಾದ್ರೂ ಬಿಡುವಿರುತ್ತೆ ಕಣೇ. ನಲವತ್ತೇ ಕಿಲೋಮೀಟರು, ಅರವತ್ತು ಜನ. ಎಲ್ಲಾ ಒಟ್ಟಿಗೆ ಹೋಗ್ತೀವಿ” ಅಂದಿದ್ದಳು. ಭಾವನ ಸೈಕಲ್ಲನ್ನೂ ತಂದು ನಿಲ್ಲಿಸಿದ್ದಳು. ಸೀಟಿ ಊದಿದ್ದೇ ತಡ, ಅಕ್ಕ ಗುಂಪಿನೊಡನೆ ಮಾಯ. ‘ಒಟ್ಟಿಗೆ’ ಅನ್ನುವ ಮಾತು ಮೊದಲ ತಿರುವಿನವರೆಗೆ ಬಾಳಿತ್ತು.

ಅರ್ಧ ದಾರಿಯಲ್ಲಿ ಒಂದು ಶಾಲೆಯ ಗೇಟಿನ ಬಳಿ ಸವಾರರಿಗೆ ಹಣ್ಣು, ಟೀ ಇಟ್ಟ ಮೇಜು ಹಾಕಿದ್ದರು. ಇವರಿಬ್ಬರೂ ತಲುಪುವ ಹೊತ್ತಿಗೆ ಬಾಳೆಹಣ್ಣಿನ ಬುಟ್ಟಿಯಲ್ಲಿ ಸಿಪ್ಪೆ ಮಾತ್ರ.

“ಮಂಗನ ಸೈನ್ಯ ಬಂದು ಹೋದ ಹಾಗಿದೆ” ಅಂದಳು.

“ಆದ್ರೆ ಟೀ ನೋಡಿ. ಇಷ್ಟು ಚೆನ್ನಾಗಿ ಕುದ್ದಿದ್ದು ಮೊದಲು ಬಂದವರಿಗೆ ಸಿಗಲ್ಲ.” ಅವನು ಎರಡು ಲೋಟ ತುಂಬಿಸಿ ತಂದ. ಬೇಡ ಅನ್ನಬೇಕೆಂದುಕೊಂಡಳು, ಕೈ ಚಾಚಿ ಆಗಿತ್ತು.

“ನಿಮಗೆ ಬೇಜಾರಾಗಲ್ವಾ, ಆಮೆ ಹಿಂದೆ ಬರೋಕೆ?”

“ವಾರಕ್ಕೆ ಆರು ದಿನ ಬಸ್ಸು ಓಡಿಸ್ತೀನಿ. ಹಿಂದಿನಿಂದ ಹಾರ್ನು, ಒಳಗಿಂದ ‘ಬೇಗ, ಬೇಗ’. ಯಾರೂ ಅವಸರ ಮಾಡದ ಜಾಗ ನನಗೆ ಇದೊಂದೇ.” ಲೋಟದ ಅಂಚಿನ ಮೇಲಿಂದ ಅವಳನ್ನೊಮ್ಮೆ ನೋಡಿದ. “ನೀವಂತೂ ಒಂಚೂರೂ ಅವಸರ ಮಾಡ್ತಿಲ್ಲ.”

ಅವಳಿಗೆ ನಗು ಬಂತು. ಬಹಳ ದಿನ ಮುಚ್ಚಿಟ್ಟ ಬಾಗಿಲಿನಂತೆ ಕೆನ್ನೆ ಬಿಗಿಯಾಗಿತ್ತು.

ಇಪ್ಪತ್ತೇಳನೇ ಕಿಲೋಮೀಟರಿಗೆ ಏರು ಶುರುವಾಯಿತು. ತೊಡೆಗಳು ಸೀಸದಂತೆ ತೂಗಿದವು. ಅವಳ ದಣಿವು ಇವತ್ತಿನದಲ್ಲ. ಮೂಳೆಯೊಳಗೆ ವರ್ಷಗಟ್ಟಲೆ ಇಳಿದು ಕೂತಿದ್ದದ್ದು ಇಂದು ಎದ್ದು ನಿಂತಿತ್ತು. ಇಳಿದು ರಸ್ತೆಯಂಚಿಗೆ ಕುಕ್ಕರಿಸಿದಳು. ಸುಸ್ತಾದವರನ್ನು ಹತ್ತಿಸಿಕೊಳ್ಳಲು ದಾರಿಯುದ್ದಕ್ಕೂ ಓಡಾಡುತ್ತಿದ್ದ ಸಹಾಯದ ವ್ಯಾನು ಪಕ್ಕಕ್ಕೆ ಬಂದು ನಿಂತಿತು.

“ಹತ್ತಿಬಿಡಿ ಮೇಡಂ, ನಾಚ್ಕೊಳೋದೇನಿದೆ” ಅಂದಳು ವ್ಯಾನು ಓಡಿಸುತ್ತಿದ್ದ ಹೆಂಗಸು. ಇವಳು ಎದ್ದು ತನ್ನ ಸೈಕಲ್ಲಿನ ಹ್ಯಾಂಡಲನ್ನು ಹಳದಿ ಜಾಕೆಟ್ಟಿನವನ ಕೈಗೆ ಒಪ್ಪಿಸಿದಳು.

ಹ್ಯಾಂಡಲ್ ಹಿಡಿದವನು ಮೆಲ್ಲಗೆ ಕೇಳಿದ: “ಇವತ್ತು ಅಮ್ಮನ ಹತ್ರ ಯಾರಿದಾರೆ?”

ಅವಳು ಕಲ್ಲಾದಳು. “ನಮ್ಮಮ್ಮ... ನಿಮಗೆ ಹೇಗೆ ಗೊತ್ತು?”

“ಮಂಗಳವಾರ ಎಂಟೂ ಹತ್ತರ ಬಸ್ಸು. ಆಸ್ಪತ್ರೆಗೆ. ಅವರನ್ನ ಮೊದಲ ಸೀಟಲ್ಲಿ ಕೂರಿಸಿ ಶಾಲು ಹೊದಿಸ್ತಿದ್ರಿ. ಒಂದ್ಸಲ ಜೋರಾಗಿ ಬ್ರೇಕ್ ಹಾಕಿದ್ದಕ್ಕೆ ‘ಒಳಗಿರೋದು ಮೂಟೆ ಅಲ್ಲ, ಮನುಷ್ಯರು’ ಅಂತ ಬೈದಿದ್ರಿ.”

ಅವಳಿಗೆ ನೆನಪಿದ್ದದ್ದು ಒಂದು ಕತ್ತು, ಸ್ಟೇರಿಂಗಿನ ಮೇಲೆ ಎರಡು ಕೈ, ಅಷ್ಟೇ. ಮುಖ ನೋಡಲು ಪುರುಸೊತ್ತು ಎಲ್ಲಿತ್ತು? ಆದರೆ ಆ ಬಸ್ಸು ಚೆನ್ನಾಗಿ ನೆನಪಿತ್ತು. ಅಮ್ಮ ಎರಡೇ ಮೆಟ್ಟಿಲು ಹತ್ತಲು ಎರಡು ಯುಗ ಹಿಡಿದರೂ ಅದು ಅಲುಗದೆ ನಿಂತಿರುತ್ತಿತ್ತು. ಜನ ಲೊಚಗುಟ್ಟುತ್ತಿದ್ದರು, ಅಮ್ಮ ಕೂರುವವರೆಗೂ ಬಸ್ಸು ಹೊರಡುತ್ತಿರಲಿಲ್ಲ.

“ಅಮ್ಮ ಹೋಗಿ ನಾಲ್ಕು ತಿಂಗಳಾಯ್ತು” ಅಂದಳು.

ಅವನು ಹೆಲ್ಮೆಟ್ ತೆಗೆದ. “ನೀವು ಬರೋದು ನಿಂತಾಗ, ಬೇರೆ ಬಸ್ಸು ಹಿಡಿದಿರ್ತೀರಿ ಅಂತ ನನಗೆ ನಾನೇ ಹೇಳ್ಕೊಂಡೆ. ಈಗಲೂ ಮಂಗಳವಾರ, ಆ ಸ್ಟಾಪಲ್ಲಿ ಯಾರೂ ಇಲ್ದಿದ್ರೂ ಒಂದು ನಿಮಿಷ ನಿಲ್ಲಿಸ್ತೀನಿ. ಜನ ಬೈತಾರೆ.”

ನಾಲ್ಕು ತಿಂಗಳಿಂದ ಎಲ್ಲರ ಬಾಯಲ್ಲೂ ಅಮ್ಮ ‘ಇದ್ದರು’ ಆಗಿದ್ದಳು. ಇನ್ನೂ ಇದ್ದಾಳೆಂದುಕೊಂಡು ಕೇಳಿದವನು ಇವನೊಬ್ಬನೇ. ಅವಳ ಕಣ್ಣಿಂದ ನೀರು ದಳದಳನೆ ಇಳಿಯಿತು. ವ್ಯಾನಿನ ಹೆಂಗಸು ಗಾಜು ಒರೆಸುವ ನೆಪದಲ್ಲಿ ಮುಖ ಆಚೆ ತಿರುಗಿಸಿದಳು.

ಅವಳು ಕೈಚಾಚಿ ಹ್ಯಾಂಡಲನ್ನು ಮರಳಿ ತೆಗೆದುಕೊಂಡಳು. ಗೆಲ್ಲುವ ಛಲವೇನೂ ಇರಲಿಲ್ಲ. ವ್ಯಾನು ಹತ್ತಿದರೆ ಈ ಮಾತು ಇಲ್ಲಿಗೇ ನಿಂತುಹೋಗುತ್ತದಲ್ಲ, ಅದಕ್ಕೆ.

ಇಬ್ಬರೂ ಸೈಕಲ್ ತಳ್ಳಿಕೊಂಡು ಏರು ಹತ್ತಿದರು. ನಡುನಡುವೆ ನಿಂತರು. ಆರು ವರ್ಷ ಅಮ್ಮನನ್ನು ಎತ್ತಿದ್ದು, ಕೂರಿಸಿದ್ದು, ಮಾತ್ರೆ ಪುಡಿಮಾಡಿ ನುಂಗಿಸಿದ್ದು ಹೇಳಿದಳು. ಮೇಲಿನ ತಿರುವಿನಲ್ಲಿ ತಟ್ಟನೆ ನಿಂತಳು.

“ಅಮ್ಮ ಹೋದ ದಿನ ಅಳು ಬರೋಕೆ ಮೊದಲು, ಅಬ್ಬಾ, ನಾಳೆ ಬೆಳಗ್ಗೆ ಐದಕ್ಕೆ ಏಳ್ಬೇಕಿಲ್ಲ ಅನ್ನಿಸ್ತು. ಅಕ್ಕಂಗೂ ಹೇಳಿಲ್ಲ ಇದನ್ನ.”

“ನನ್ನ ಹೆಂಡತಿ ಬಿಟ್ಟು ಹೋದಾಗ ನನಗೂ ಮೊದಲು ಬಂದಿದ್ದು ನಿದ್ದೆ. ಎರಡು ದಿನ ಮಲಗಿದ್ದೆ. ಅಳು ಮೂರನೇ ದಿನ ಬಂತು.” ಅವನು ಅವಳ ಕಡೆ ನೋಡದೆ ಹೇಳಿದ. “ಸುಸ್ತಾದವರಿಗೆ ಎಲ್ಲಾ ಸ್ವಲ್ಪ ತಡವಾಗೇ ಬರುತ್ತೆ.”

ಎದೆಯ ಮೇಲಿನ ಒಂದು ಕಲ್ಲು ಅಲ್ಲೇ ರಸ್ತೆಯಲ್ಲಿ ಉಳಿಯಿತು.

ಗ್ರಂಥಾಲಯದ ಮುಂದಿನ ಕೊನೆಯ ಗುರುತು ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಬ್ಯಾನರ್ ಸುತ್ತಿಡುತ್ತಿದ್ದವರು ಕೆಲಸ ಬಿಟ್ಟು ಚಪ್ಪಾಳೆ ತಟ್ಟಿದರು. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಅವನು ಹಳದಿ ಜಾಕೆಟ್ ಬಿಚ್ಚಿ ಮಡಿಸಿದ.

“ಡ್ಯೂಟಿ ಮುಗೀತು. ಈಗ ಹೇಳೋದು ನನ್ನ ಸ್ವಂತದ್ದು” ಅಂದ. ಕಿವಿ ಕೆಂಪಾಗಿತ್ತು. “ಎರಡು ವರ್ಷ ನಿಮ್ಮನ್ನ ಬಸ್ಸಿನ ಕನ್ನಡೀಲಿ ನೋಡಿದೀನಿ. ರಸ್ತೆ ನೋಡ್ಬೇಕಾದವನು.”

“ಅದಕ್ಕೇ ಆವತ್ತು ಹಾಗೆ ಬ್ರೇಕ್ ಹಾಕಿದ್ದಾ?”

“ಅದಕ್ಕೇ.”

ಅವಳು ನಕ್ಕಳು, ನಗು ಅರ್ಧಕ್ಕೇ ದಣಿಯಿತು. “ನೋಡಿ, ನನ್ನ ಹತ್ರ ಏನೂ ಉಳಿದಿಲ್ಲ. ಪ್ರೀತಿ ಅಂದ್ರೆ ಮತ್ತೆ ಯಾರನ್ನೋ ಎತ್ತಿ ಕೂರಿಸೋದು ಅನ್ನೋ ಹಾಗಾಗಿದೆ ನನಗೆ.”

“ನನಗೂ ಓಡಾಡಿ ಪ್ರೀತಿ ಮಾಡೋ ಶಕ್ತಿ ಇಲ್ಲ ಕಣ್ರೀ” ಅಂದ ಅವನು, ಬಹಳ ಗಂಭೀರವಾಗಿ. “ಸುಮ್ನೆ ಕೂತು ಮಾಡೋವಂಥದ್ದು ಏನಾದ್ರೂ ಇದ್ರೆ ನೋಡೋಣ.”

ಅಷ್ಟರಲ್ಲಿ ರಸ್ತೆಯಾಚೆಯಿಂದ ಅಕ್ಕ ಕೂಗಿದಳು. “ಎಷ್ಟೊತ್ತೇ! ಭಾವ ಕಾರು ತಂದಿದಾರೆ, ಬಾ ಬೇಗ!”

ಅವಳು ಅಕ್ಕನನ್ನು ನೋಡಿದಳು. ಎದುರು ನಿಂತು, ಮಡಿಸಿದ ಜಾಕೆಟ್ಟನ್ನು ಮತ್ತೆ ಮತ್ತೆ ಮಡಿಸುತ್ತಿದ್ದವನನ್ನು ನೋಡಿದಳು.

“ನೀವು ಹೊರಡಿ ಅಕ್ಕಾ” ಎಂದು ಕೂಗಿ ಹೇಳಿದಳು. “ನಾನು ಆಮೇಲೆ ಬರ್ತೀನಿ.”

ಆಮೇಲೆ ಮೆಟ್ಟಿಲ ಮೇಲೆ ತುಸು ಸರಿದು ಜಾಗ ಮಾಡಿದಳು. ಅವನು ಕೂತ. ಇಬ್ಬರೂ ಕಾಲು ಚಾಚಿದರು.