ಡಿಸ್ಕಿನ ಮೇಲಿನ ವಿಭೂತಿ

ಸೋಮವಾರ ಮಠದಿಂದ ಬಂದ ಸರ್ವಮಂಗಳಮ್ಮ ಮಗಳ ಕಂಪ್ಯೂಟರ್ ಆನ್ ಮಾಡಿದರು. ನೀಲಿ ಪರದೆ ಬಂತು. ಆಫ್ ಮಾಡಿ ಮತ್ತೆ ಹಾಕಿದರು. ಮತ್ತೆ ಅದೇ ನೀಲಿ. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳಕ್ಕೆ ಸ್ಕ್ರೂಗಳೇ ಇರಲಿಲ್ಲ.

ಮಗಳು ಭೂಮಿಕಾ ಡೆಂಗಿಯಲ್ಲಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಹಾಡಿ ರೆಕಾರ್ಡ್ ಮಾಡಿದ ವಚನಗಳೆಲ್ಲ ಅದೊಂದೇ ಹಾರ್ಡ್ ಡಿಸ್ಕಿನಲ್ಲಿದ್ದವು. ದಿನಾ ಬಾಗಿಲು ಹಾಕಿಕೊಂಡು ತಾಯಿ ಅವನ್ನು ಕೇಳುತ್ತಿದ್ದರು. ಗಂಡನನ್ನೂ ಒಳಗೆ ಬಿಡುತ್ತಿರಲಿಲ್ಲ.

ಯಾರೋ ಕಂಪ್ಯೂಟರ್ ಬಿಚ್ಚಿದ್ದಾರೆ ಎಂಬ ತಾಯಿಯ ದೂರಿನ ಮೇಲೆ ತುಮಕೂರಿನ ಸೈಬರ್ ಠಾಣೆಯಿಂದ ಎಸ್‌ಐ ಅಕ್ಷತಾ ಗುಬ್ಬಿಗೆ ಬಂದಳು. ಇದೂ ಒಂದು ಕೇಸಾ ಎಂದು ದಾರಿಯುದ್ದಕ್ಕೂ ಗೊಣಗಿದ್ದಳು. ಆ ತಾಯಿಯ ಮುಖ ನೋಡಿದ ಮೇಲೆ ಗೊಣಗಾಟ ನಿಂತಿತು.

"ಕುಣಿಗಲ್ ಅಂಜನ್‌ದೇ ಕೆಲ್ಸ ಇದು," ಎಂದರು ಸರ್ವಮಂಗಳಮ್ಮ. "ಹಾಡು ಕೊಡಿ ಅಂತ ಬಂದಿದ್ದ. ಕೊಡಲ್ಲ ಅಂದಿದ್ದೆ."

ಅಂಜನ್ ಭೂಮಿಕಾ ಮೆಚ್ಚಿದ್ದ ಹುಡುಗ. ಅಪ್ಪ ಚನ್ನವೀರಯ್ಯ ಒಪ್ಪಲಿಲ್ಲ, ಮಗಳು ಪಟ್ಟು ಬಿಡಲಿಲ್ಲ. ಅಂದಿನಿಂದ ಅಪ್ಪ ಅವಳೊಂದಿಗೆ ಮಾತು ಬಿಟ್ಟರು. ಅವಳ ಹಾಡು ಕಿವಿಗೆ ಬಿದ್ದರೆ ಎದ್ದು ಹೊರಗೆ ಹೋಗುತ್ತಿದ್ದರು. ಆಸ್ಪತ್ರೆಯಲ್ಲಿ ಮಾತಾಡಿಸುವ ಹೊತ್ತಿಗೆ ಅವಳಿಗೆ ಪ್ರಜ್ಞೆ ಇರಲಿಲ್ಲ.

*

ಅಕ್ಷತಾ ಮುಚ್ಚಳ ತೆಗೆದಳು. ಡಿಸ್ಕ್ ಅಲ್ಲೇ ಇತ್ತು. ಆದರೆ ಕೇಬಲ್ ಸಿಕ್ಕಿಸಿದ್ದ ಪೋರ್ಟಿನ ಸುತ್ತ ಹಳೇ ಧೂಳು; ಪಕ್ಕದ ಖಾಲಿ ಪೋರ್ಟ್ ಚೊಕ್ಕವಾಗಿತ್ತು. ಯಾರೋ ಡಿಸ್ಕ್ ಬಿಚ್ಚಿ ಒಯ್ದು, ವಾಪಸ್ ತಂದು, ತಪ್ಪು ಜಾಗಕ್ಕೆ ಸಿಕ್ಕಿಸಿದ್ದರು.

ಡಿಸ್ಕಿನ ಮೇಲೆ ವಿಭೂತಿ ಎಳೆದ ಗುರುತಿತ್ತು. ಮೂರು ಎಳೆಯಲ್ಲಿ ನಡುವಿನದು ಮೂಡಿರಲಿಲ್ಲ. ಆಯುಧಪೂಜೆಯಲ್ಲಿ ಮಗಳೇ ಹಚ್ಚಿರಬೇಕು ಎಂದರು ತಾಯಿ. ಹಾಗಿದ್ದರೆ ಅದು ಧೂಳಿನ ಅಡಿಯಲ್ಲಿರಬೇಕಿತ್ತು. ಇದು ಧೂಳಿನ ಮೇಲಿತ್ತು.

*

ಅಂಜನ್ ಕುಣಿಗಲ್ಲಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಅನುಮಾನ ತನ್ನ ಮೇಲಿದೆ ಎಂದು ಗೊತ್ತಾದರೂ ಅವನಿಗೆ ಸಿಟ್ಟು ಬರಲಿಲ್ಲ. ನೀಲಿ ಪರದೆಯ ವಿಷಯ ಕೇಳಿ, ಯಾರೋ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಆನ್ ಮಾಡಿದ್ದಾರೆ ಎಂದ.

"ನಾನಾಗಿದ್ರೆ ಅದರಿಂದ ವಿಂಡೋಸ್ ಶುರು ಮಾಡೋಕೆ ಹೋಗ್ತಿರ್ಲಿಲ್ಲ ಮೇಡಂ. ಎರಡನೇ ಡಿಸ್ಕ್ ಆಗಿ ಸಿಕ್ಕಿಸಿ ಕಾಪಿ ಮಾಡ್ಕೋತಿದ್ದೆ. ಯಾರಿಗೂ ಗೊತ್ತಾಗ್ತಿರ್ಲಿಲ್ಲ." ಆಮೇಲೆ ಮೆಲ್ಲಗೆ ಕೇಳಿದ, "ಹಾಡು ಹೋಗಿಲ್ಲ ತಾನೆ?"

ಅಕ್ಷತಾ ಅವನನ್ನು ನಂಬಿದಳು. ಇದು ಬಲ್ಲವರು ಮಾಡಿದ ಕೆಲಸವಲ್ಲ.

*

ಮರುದಿನ ಬೆಳಿಗ್ಗೆ ಗುಬ್ಬಿಯಲ್ಲಿ ಚನ್ನವೀರಯ್ಯ ತಮ್ಮ ಕೊಬ್ಬರಿ ಅಂಗಡಿ ತೆರೆಯುತ್ತಿದ್ದರು. ತಕ್ಕಡಿಗೆ ವಿಭೂತಿ ಎಳೆದರು. ಅಂಗಡಿಯ ಕಂಪ್ಯೂಟರಿಗೂ ಎಳೆದರು. ಎರಡರಲ್ಲೂ ನಡುವಿನ ಎಳೆ ಇರಲಿಲ್ಲ. ಅವರ ನಡುಬೆರಳ ತುದಿ ಎಂದೋ ಮಚ್ಚಿಗೆ ಸಿಕ್ಕಿ ಹೋಗಿತ್ತು.

"ಡಿಸ್ಕಿಗೂ ಹೀಗೇ ಹಚ್ಚಿ ಶುರು ಮಾಡಿದ್ರಾ ಯಜಮಾನ್ರೆ?" ಎಂದಳು ಎದುರು ನಿಂತು ನೋಡುತ್ತಿದ್ದ ಅಕ್ಷತಾ.

ಅವರು ಮೂಟೆಯ ಮೇಲೆ ಕುಸಿದರು. "ಒಂದ್ಸಲ ಅವಳ ದನಿ ಕೇಳೋಣ ಅಂತ ತಂದೆ ಕಣಮ್ಮ. ಮನೇಲಿ ಯಾವ ಮುಖ ಇಟ್ಕೊಂಡು ಕೇಳ್ಲಿ?"

ಹಿಂದೆ ಈ ಅಂಗಡಿಯ ಕಂಪ್ಯೂಟರಿಗೆ ಮಗಳೇ ಡಿಸ್ಕ್ ಬದಲಾಯಿಸಿದ್ದಳಂತೆ. ಅದನ್ನು ನೋಡಿದ್ದ ಧೈರ್ಯದಲ್ಲಿ, ಹೆಂಡತಿ ಮಠಕ್ಕೆ ಹೋದಾಗ ಬಿಚ್ಚಿ ತಂದು ಹಾಕಿದ್ದರು. ಹಾಡಿನ ಬದಲು ನೀಲಿ ಪರದೆ ಬಂತು. ಮಗಳನ್ನು ಎರಡನೇ ಸಲ ಕೊಂದೆ ಎಂದುಕೊಂಡು ಓಡಿ ಬಂದು ವಾಪಸ್ ಸಿಕ್ಕಿಸಿದ್ದರು.

ಅಕ್ಷತಾ ಬಿಡಿಸಿ ಹೇಳಿದಳು. ಒಂದು ಕಂಪ್ಯೂಟರಿಗೆ ಹೊಂದಿಕೊಂಡ ವಿಂಡೋಸ್ ಇನ್ನೊಂದರಲ್ಲಿ ಏಳುವ ಖಾತ್ರಿ ಇಲ್ಲ. ಏಳಲಾಗದೆ ತಾನೇ ರಿಪೇರಿಗೆ ಇಳಿದು, ಶುರುವಾಗುವ ಫೈಲುಗಳನ್ನು ಕೆಡಿಸಿಕೊಂಡಿದೆ. ಅದಕ್ಕೇ ಮನೆಯಲ್ಲೂ ಏಳುತ್ತಿಲ್ಲ. ಹಾಡುಗಳಿಗೆ ಏನೂ ಆಗಿರುವುದಿಲ್ಲ.

*

ಮನೆಯಲ್ಲಿ ಅಕ್ಷತಾ ಮೊದಲು ಹಾಡುಗಳನ್ನು ಕಾಪಿ ಮಾಡಿಕೊಂಡಳು. ಆಮೇಲೆ ಪೆನ್‌ಡ್ರೈವ್ ಹಾಕಿ ಶುರುವಾಗುವ ಫೈಲುಗಳನ್ನು ಸರಿಮಾಡಿದಳು. ವಿಂಡೋಸ್ ಎದ್ದಿತು.

"ಇವರಿರೋವಾಗ ಹಾಡು ಹಾಕೋದು ಬೇಡ," ಎಂದರು ಸರ್ವಮಂಗಳಮ್ಮ. ಚನ್ನವೀರಯ್ಯ ಹೊಸ್ತಿಲಾಚೆಯಿಂದ ಕೈಮುಗಿದರು. ಆಕೆ ಅವರನ್ನು ನೋಡಿ, ಒಂದು ಹಾಡು ಹಾಕಿದರು.

ಭೂಮಿಕಾಳ ದನಿ ಕೋಣೆ ತುಂಬಿತು. ನಡುವೆ ಎಲ್ಲೋ ಗೇಟಿನ ಸದ್ದು. ಹಾಡು ನಿಂತಿತು. "ಅಪ್ಪ ಬಂದ್ರು," ಎಂದು ಪಿಸುಮಾತು. ರೆಕಾರ್ಡಿಂಗ್ ಮುಗಿಯಿತು.

ಇನ್ನೊಂದು ಹಾಕಿದರು. ಅದೂ ಗೇಟಿನ ಸದ್ದಿಗೇ ನಿಂತಿತು.

"ಎಲ್ಲಾ ಹಿಂಗೇ ಮುಗಿಯೋದು," ಎಂದರು ಸರ್ವಮಂಗಳಮ್ಮ. "ನೀವು ತಡ್ಕೊಳ್ಳಲ್ಲ ಅಂತಲೇ ಒಳಗೆ ಬಿಡ್ತಿರ್ಲಿಲ್ಲ."

ಚನ್ನವೀರಯ್ಯ ಹೊಸ್ತಿಲ ಮೇಲೇ ಕುಳಿತು ಅತ್ತರು. ಆಮೇಲೆ, ಮೊದಲಿನಿಂದ ಹಾಕು ಎಂದರು.