ಕಲ್ಲಿನಲ್ಲಿರದ ಬಿರುಕು

ಕರಿಕಲ್ಲಿನ ಮೇಲೆ ನೀರು ಸುರಿದು ಒಣಗಲು ಬಿಟ್ಟರೆ, ಬಿರುಕಿದ್ದಲ್ಲಿ ಮಾತ್ರ ಕೂದಲೆಳೆಯಷ್ಟು ತೇವ ಉಳಿಯುತ್ತದೆ. ಈ ಪರೀಕ್ಷೆಯನ್ನು ವಿಶಾಖಾ ಅವರಿಗೆ ಹೇಳಿಕೊಟ್ಟವನು ನಾನೇ. ಮೊದಲ ದಿನವೇ, ನನ್ನ ಜಾಣತನ ತೋರಿಸಲು.

ಇಬ್ರಾಹಿಂಪುರದ ರೈಲು ಹಳಿಯ ಪಕ್ಕ ನನ್ನದು ಕಲ್ಲಿನಲ್ಲಿ ಅಕ್ಷರ ಕೊರೆಯುವ ಅಂಗಡಿ. ಅವರು ಹೊನವಾಡದ ಸಾಲಿಯ ಟೀಚರ್. ಗಂಡ ಕ್ಯಾಪ್ಟನ್ ಪ್ರತಾಪ ಗಡಿಯ ಹಿಮದಲ್ಲಿ ತೀರಿಹೋಗಿ ಮೂರು ವರ್ಷ ತುಂಬುವುದಿತ್ತು. ಆ ದಿನಕ್ಕೆ ಸಾಲಿಯ ಅಂಗಳದಲ್ಲಿ ಸ್ಮಾರಕದ ಕಲ್ಲು ನಿಲ್ಲಬೇಕಿತ್ತು.

"ಸಿಪಾಯಿ ಅಂತ ಸೇರಿದ್ರು," ಎಂದರು. "ರಜಾಕ್ಕ ಬಂದಾಗೂ ಮಾಳಿಗಿ ಮ್ಯಾಲ ಕುಂತ ಓದತಿದ್ರು. ಪರೀಕ್ಷಾ ಬರದು ಆಫೀಸರ್ ಆದ್ರು. ಅದನ್ನೂ ಬರೀರಿ."

"ಬರೀತೇನ್ರಿ. ನಾನೂ ಹಗಲ ಕಲ್ಲ ಕಡದು, ಸಂಜಿ ಕಾಲೇಜಿಗೆ ಹೋಗಿ ಬಿ.ಎ. ಮಾಡೇನ್ರಿ."

"ಅದನ್ನೂ ಇದ ಕಲ್ಲಿನ ಮ್ಯಾಲ ಬರೀಬೇಕೇನ್ರಿ, ರಾಮಲಿಂಗ ಅವರ?"

ನನ್ನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ರೈಲು ಬಂತು. ಅದು ಹೋಗುವವರೆಗೆ ನನ್ನ ಅಂಗಡಿಯಲ್ಲಿ ಮಾತು ಕೇಳಿಸುವುದಿಲ್ಲ. ಎದುರಿಗಿದ್ದವರ ಮುಖ ನೋಡುತ್ತ ನಿಲ್ಲಬೇಕು. ಅವರು ನಗುವನ್ನು ತುಟಿಯಂಚಿನಲ್ಲೇ ಹಿಡಿದಿಟ್ಟುಕೊಂಡಿದ್ದರು. ಅಂದಿನದು ಉದ್ದನೆಯ ಗೂಡ್ಸ್ ಗಾಡಿ.

ಆಮೇಲೆ ಪ್ರತಿ ಶನಿವಾರ, ಸಾಲಿ ಬಿಟ್ಟ ಮೇಲೆ, ತಿಕೋಟಾ ಮಾರ್ಗದ ಬಸ್ಸಿಗೆ ಬಂದರು. ಒಂದು ವಾರ ಪೋಸ್ಟಿಂಗ್‌ಗಳ ಪಟ್ಟಿ, ಇನ್ನೊಂದು ವಾರ ಒಂದು ಫೋಟೋ. ನಾನು ಬೇಕಿಲ್ಲದ್ದನ್ನೂ ಕೇಳುತ್ತಿದ್ದೆ.

ನಾಲ್ಕನೆಯ ಶನಿವಾರ ಕೇಳಲು ಏನೂ ಉಳಿದಿರಲಿಲ್ಲ. ಅಕ್ಷರ ಕೊರೆದರೆ ಮುಗಿಯಿತು, ಅವರು ಮತ್ತೆ ಬರುವುದಿಲ್ಲ.

"ಕಲ್ಲಿನಾಗ ಬಿರುಕ ಐತ್ರಿ," ಎಂದೆ. "ಬ್ಯಾರೆ ತರಸಬೇಕು."

ಅವರು ಕಲ್ಲು ನೋಡಿದರು, ನನ್ನನ್ನು ನೋಡಿದರು. "ಹೌದೇನ್ರಿ?"

"ಹೌದ್ರಿ... ಚಾ ತರ್ತೇನಿ, ಕುಂಡ್ರಿ."

ಮುಂದಿನ ವಾರ ಹೊಸ ಕಲ್ಲು ಇನ್ನೂ ಬಂದಿಲ್ಲ ಎಂದೆ. ಅದರ ಮುಂದಿನ ವಾರವೂ.

ಸ್ಮರಣೆಯ ದಿನ ಬಂದೇ ಬಂತು. ಕಲ್ಲು ನಿಲ್ಲಬೇಕಾದ ಕಟ್ಟೆಯ ಮೇಲೆ ಫ್ಲೆಕ್ಸ್ ಬ್ಯಾನರ್ ಕಟ್ಟಿದ್ದರು. ಹೆಡ್‌ಮಾಸ್ತರರು ಮೈಕಿನಲ್ಲಿ ಓದುತ್ತಿದ್ದರು: ಹಿಮ ಕುಸಿದಾಗ ಕ್ಯಾಪ್ಟನ್ ಪ್ರತಾಪ ಇಬ್ಬರು ಜವಾನರನ್ನು ಎಳೆದು ತಂದರು, ಮೂರನೆಯವನಿಗಾಗಿ ತಿರುಗಿ ಹೋದರು, ಮರಳಲಿಲ್ಲ. ಅಂಥವರ ಕಲ್ಲನ್ನು ನಾನು ಗೋಣಿಚೀಲ ಹೊದಿಸಿ ಮುಚ್ಚಿಟ್ಟಿದ್ದೆ.

ಪ್ರತಾಪರ ತಾಯಿ ರೇಣವ್ವನಿಗೆ ಕಣ್ಣು ಕಾಣುವುದಿಲ್ಲ. ಬ್ಯಾನರ್ ಮೇಲೆ ಕೈಯಾಡಿಸಿದರು, ಮತ್ತೊಮ್ಮೆ ಆಡಿಸಿದರು.

"ಇದರಾಗ ನನ್ನ ಮಗನ ಹೆಸರ ಎಲ್ಲೈತಿ ಬೇ? ಕೈಗೆ ಹತ್ತವಲ್ದು."

ವಿಶಾಖಾ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು. ನಾನು ಗುಂಪಿನ ಹಿಂದಿನಿಂದಲೇ ಹೊರಟುಬಂದೆ.

ಮರುದಿನವೇ ಉಳಿ ಹಿಡಿದೆ. ಯಾವ ಕಲ್ಲಿನಲ್ಲೂ ಕೊರೆಯದಷ್ಟು ಆಳವಾಗಿ ಕೊರೆದೆ. ಶನಿವಾರ ಅವರು ಬಂದಾಗ ಗೋಣಿಚೀಲ ತೆಗೆದೆ.

"ಇದು ಅದ ಕಲ್ಲರಿ. ಬಿರುಕ ಇರಲಿಲ್ಲ. ನೀವು ಬರೂದು ನಿಂತೀತು ಅಂತ ಸುಳ್ಳ ಹೇಳಿದೆ. ಏನ ಬೈತೀರಿ ಬೈರಿ."

"ಗೊತ್ತಿತ್ತು," ಎಂದರು. "ಅವತ್ತ ನೀವು ಚಾ ತರಾಕ ಹೋದಾಗ ನನ್ನ ಬಾಟಲಿ ನೀರ ಹಾಕಿ ನೋಡಿದ್ದೆ. ಎಲ್ಲೂ ತೇವ ಉಳೀಲಿಲ್ಲ."

"ಮತ್ತ ಯಾಕ ಸುಮ್ಮಿದ್ರಿ?"

ರೈಲು ಬಂತು. ಈ ಸಲ ಅವರು ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಕಣ್ಣು ತುಂಬಿದ್ದು ನನಗೆ ಕಾಣಲಿ ಎಂಬಂತೆ ನಿಂತಿದ್ದರು.

"ದಿನಾ ಬುದ್ಧನ ಮುಂದ ಪಂಚಶೀಲ ಹೇಳ್ತೇನಿ," ಎಂದರು, ರೈಲು ದಾಟಿದ ಮೇಲೆ. "ಸುಳ್ಳ ಆಡೂದಿಲ್ಲ ಅನ್ನೂ ಸಾಲು ಬಂದಾಗ, ಮೂರ ವಾರದಿಂದ ನನ್ನ ದನಿ ಹೊಂಡವಲ್ದು. ಬರೂದು ನಿಂತೀತು ಅಂತ ನಾನೂ ಅಂಜಿದ್ದೆ. ಆದ್ರ ಅತ್ತಿ ಬ್ಯಾನರ್ ತಡವಿದ್ರಲ್ಲ... ಆ ಕೈ ಕಣ್ಣಮುಂದ ಬರತೈತಿ."

"ನನಗೂ."

ಮರುದಿನ ಕಲ್ಲು ನಿಲ್ಲಿಸಿದೆವು. ವಿಶಾಖಾ ಅತ್ತೆಯ ಬೆರಳು ಹಿಡಿದು ಹೆಸರಿನ ಮೇಲೆ ನಡೆಸಿದರು. ಕಡೆಯ ಅಕ್ಷರದ ಗುಂಡಿಯಲ್ಲಿ ಬೆರಳು ನಿಂತೇಬಿಟ್ಟಿತು.

ನಾನು ಎಲ್ಲವನ್ನೂ ಹೇಳಿದೆ. ವಿಶಾಖಾ "ನನ್ನ ಪಾಲೂ ಐತ್ರಿ ಅತ್ತಿ" ಎಂದರು.

ರೇಣವ್ವ ಬೆರಳನ್ನು ಕಲ್ಲಿನಿಂದ ತೆಗೆದರು. "ಅವತ್ತ ಬರೀ ಪ್ಲಾಸ್ಟಿಕ್ ಕೈಗೆ ಹತ್ತಿದ್ದು ನಾ ಮರೆಯಂಗಿಲ್ಲ," ಎಂದರು.

"ಮರೀಬ್ಯಾಡ್ರಿ, ಯವ್ವಾ."

"ಈಕಿನ್ನ ನೋಡಾಕ ಬರೂದಿದ್ರ ಖರೇ ಹೇಳಿ ಮನಿಗೆ ಬಾ. ನನ್ನ ಮಗನ ಕಲ್ಲಿನ ನೆವಾ ಹೇಳಬ್ಯಾಡ."

ವಿಶಾಖಾ ಅಕ್ಷರಗಳೊಳಗೆ ಉಳಿದ ಕಲ್ಲಿನ ಪುಡಿಯನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದರು, ಒಂದೊಂದಾಗಿ, ಗಂಡನ ಹೆಸರು ಮುಗಿಯುವವರೆಗೆ.

"ಶನಿವಾರ ಸಾಲಿ ಲಗೂನ ಬಿಡತೈತಿ," ಎಂದರು ಆಮೇಲೆ, ನನ್ನ ಕಡೆ ತಿರುಗದೆ. "ಈ ಸಲ ಬಸ್ಸ ನೀವು ಹತ್ರಿ."